ದೃಷ್ಟಿ ತೆಗೆದ ಬಳೆ

ಬೆಳಗಿನ ಹನ್ನೊಂದು ಗಂಟೆಗೆ ಸರಿಯಾಗಿ ಹುಲಿಗೆವ್ವನ ಎಡಗೈಯ ಬಳೆ ಮಾತನಾಡಿತು.

"ನಮಸ್ಕಾರ. ಇದು ನಿಮ್ಮ ಔಷಧಿಯ ಹದಿನೆಂಟನೆಯ ವಾರ. ಮೂರು ಪ್ರಶ್ನೆಗಳಿಗೆ ಉತ್ತರಿಸುವಿರಾ?"

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂದೆ, ಬೀಜದ ಗುರಪ್ಪನ ತಗಡಿನ ಚಪ್ಪರದ ಕೆಳಗೆ ಏಳೆಂಟು ಹೆಂಗಸರು ರಾಶಿಯ ಸುತ್ತ ಕುಳಿತಿದ್ದರು. ಇಸವಿ 2064. ಊರಿನ ಕಾಯಿಯನ್ನೆಲ್ಲ ಯಂತ್ರಗಳು ಆರಿಸಿ, ತೊಟ್ಟು ಮುರಿದು, ಚೀಲಕ್ಕೆ ತುಂಬುತ್ತಿದ್ದವು. ಆದರೆ ಬೀಜಕ್ಕೆ ಬಿಡುವ ಕಾಯಿಯನ್ನು ರೈತರು ಯಂತ್ರದ ಕೈಗೆ ಕೊಡುತ್ತಿರಲಿಲ್ಲ. ಬ್ಯಾಡಗಿಯ ಕಾಯಿಗೆ ಹೆಸರು ಬಂದದ್ದು ಖಾರದಿಂದಲ್ಲ, ಬಣ್ಣದಿಂದ. ಯಂತ್ರಕ್ಕೆ ಬಣ್ಣ ಗೊತ್ತು, ಹದ ಗೊತ್ತಿಲ್ಲ ಎಂದು ಅವರ ನಂಬಿಕೆ. ಹದ ಗೊತ್ತಿದ್ದವಳು ಹುಲಿಗೆವ್ವ. ಇಪ್ಪತ್ತೆಂಟು ವರ್ಷದಿಂದ ಸುತ್ತಲಿನ ಊರುಗಳ ಬೀಜ ಅವಳ ಕಣ್ಣ ಕೆಳಗೇ ದಾಟಿ ಹೊಲಕ್ಕೆ ಹೋಗುತ್ತಿತ್ತು.

"ಹಸಿವು ಆಗುತ್ತಿದೆಯೇ?" ಎಂದಿತು ಬಳೆ.

"ಆಕ್ಕತಿ. ಯಾಕ, ಏನರ ಉಣ್ಣಾಕ ತಂದೀ ಏನು?"

ಹೆಂಗಸರು ನಕ್ಕರು. ಬಳೆ ನಗಲಿಲ್ಲ.

"ಜ್ವರ ಅಥವಾ ವಾಂತಿ ಇದೆಯೇ?"

"ಇಲ್ಲವಾ."

"ದೃಷ್ಟಿಯಲ್ಲಿ ಏನಾದರೂ ತೊಂದರೆ ಕಂಡುಬಂದಿದೆಯೇ?"

"ದೃಷ್ಟಿ ಆಗಿತ್ತು ಖರೆ. ಮೊನ್ನಿ ಅಮಾಸಿಗೆ ನಮ್ಮತ್ತಿ ತಗದು ಒಲಿಗೆ ಹಾಕಿದ್ಲು."

ಬಳೆ ಅರೆಗಳಿಗೆ ಯೋಚಿಸಿತು. "ಸಮಸ್ಯೆ ನಿವಾರಣೆಯಾಗಿದೆ ಎಂದು ದಾಖಲಿಸಲಾಗಿದೆ. ಧನ್ಯವಾದಗಳು."

"ನೋಡ್ರಬೇ," ಎಂದಳು ಪಕ್ಕದ ಮಾಬುಬಿ, "ಬಳಿಗೂ ನಂಬಿಕಿ ಐತಿ!"

ಆ ಸೀಮೆಯಲ್ಲಿ ದೃಷ್ಟಿ ಎಂದರೆ ನೋಡುವ ಶಕ್ತಿಯಲ್ಲ; ಮಂದಿಯ ಕಣ್ಣಿನ ಕೇಡು. ನೋಡುವುದಕ್ಕೆ ಕಣ್ಣು ಎಂದೇ ಹೆಸರು. ಹುಟ್ಟಿದ ಕೂಸಿಗೂ, ಹೊಸ ಎತ್ತಿಗೂ, ಕೈಗುಣವಿದ್ದ ಹೆಂಗಸಿಗೂ ದೃಷ್ಟಿ ಆಗುತ್ತದೆ. ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರೆ ಹೋಗುತ್ತದೆ. ಇದು ಆ ಚಪ್ಪರದ ಕೆಳಗೆ ಕುಳಿತ ಎಲ್ಲರಿಗೂ ಗೊತ್ತಿತ್ತು. ಬಳೆಗೆ ಗೊತ್ತಿರಲಿಲ್ಲ.

"ಅಲ್ಲಬೇ ಹುಲಿಗೆವ್ವಾ," ಮಾಬುಬಿ ಅವಳ ಕೈ ಹಿಡಿದೆತ್ತಿದಳು. "ನಿನ್ನ ಬಳಿ ದೀಪ ಹಸರ ಇತ್ತಲ್ಲ? ಹಣ್ಣಾಗೇತಿ ನೋಡ, ಕೆಂಪಗ!"

"ಹೌದನು?" ಹುಲಿಗೆವ್ವ ಮಣಿಕಟ್ಟನ್ನು ಬಿಸಿಲಿಗೆ ಹಿಡಿದಳು. ಅವಳಿಗೆ ಅಂಥ ಭೇದವೇನೂ ಕಾಣಲಿಲ್ಲ. ಆದರೂ ಹಣ್ಣಾಗುವುದು ಒಳ್ಳೆಯದಲ್ಲವೇ? ಹಸಿರು ಅಂದರೆ ಇನ್ನೂ ಬಲಿಯದ್ದು, ಕೆಂಪು ಅಂದರೆ ಕೈಗೆ ಬಂದದ್ದು. ಕಾಯಿಯ ಊರಿನವರ ಲೆಕ್ಕವೇ ಅದು. "ಆಗ್ಲಿ ಬಿಡು. ಅದರ ಜೋಡಿ ನಾನೂ ಹಣ್ಣಾಗಾಕತ್ತೀನಿ."

ಇನ್ನೊಮ್ಮೆ ನಗು ಎದ್ದಿತು. ಅದು ಇಳಿಯುವ ಮೊದಲೇ ಗುರಪ್ಪ ಒಂದು ಮೊರ ಹಿಡಿದುಕೊಂಡು ಬಂದು ಅವಳ ಮುಂದೆ ಇಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹುಲಿಗೆವ್ವಾ, ನಿನ್ನಿ ಈ ಮೊರ ಆರಿಸಿದ್ದು ನೀನ ಏನು?"

"ನಾನ ಅಣ್ಣಾ. ಯಾಕ?"

ಗುರಪ್ಪ ಎರಡು ಒಣಕಾಯಿ ತೆಗೆದು ಅವಳ ಎರಡೂ ಅಂಗೈಗಳಲ್ಲಿ ಇಟ್ಟ. ಒಂದು ಗಿಡದಲ್ಲೇ ಪೂರ್ತಿ ಹಣ್ಣಾಗಿ ಒಣಗಿದ ಕಡುಗೆಂಪು. ಇನ್ನೊಂದು ಅರೆಹಣ್ಣಿನಲ್ಲಿ ಕಿತ್ತದ್ದು. ಒಣಗಿದ ಮೇಲೆ ಹಸಿರುಗಂದು. ಹುಲಿಗೆವ್ವ ಬಹಳ ಹೊತ್ತು ನೋಡಿದಳು.

"ಎರಡೂ ಒಂದ ಅದಾವಲ್ಲಣ್ಣ?"



*

ಆ ಬಳೆಯನ್ನು ಮಾಡಿದವರು ಡಾಕ್ಟರ್ ಅನಸೂಯಾ ಕಬ್ಬೂರ. ಬ್ಯಾಡಗಿಗೆ ದೂರದವರೇನಲ್ಲ, ಹಾವೇರಿ ಹತ್ತಿರದ ಕಬ್ಬೂರಿನವರೇ. ಕ್ಷಯರೋಗವನ್ನು ಗೆಲ್ಲಲು ಔಷಧಿ ಇದ್ದರೂ ಮನುಷ್ಯ ಸೋಲುವುದನ್ನು ಅವರು ಕಣ್ಣಾರೆ ಕಂಡಿದ್ದರು. ಆರು ತಿಂಗಳು ದಿನವೂ ಗುಳಿಗೆ ನುಂಗಬೇಕು. ಎರಡನೆಯ ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೂರನೆಯ ತಿಂಗಳಿಗೆ ರೋಗಿ ಗುಳಿಗೆ ಮರೆಯುತ್ತಾನೆ, ಐದನೆಯ ತಿಂಗಳಿಗೆ ರೋಗ ಮೊದಲಿಗಿಂತ ಮೊಂಡಾಗಿ ಮರಳುತ್ತದೆ. ಅನಸೂಯಾ ಹನ್ನೊಂದು ವರ್ಷ ದುಡಿದು ಈ ಮರೆವಿಗೆ ಮದ್ದು ಕಂಡುಹಿಡಿದರು. ಬಳೆಯ ಒಳಮೈಯಲ್ಲಿ ಕೂದಲಿಗಿಂತ ಸಣ್ಣ ಮುಳ್ಳುಗಳು. ಅವು ನೋವಾಗದಂತೆ ಚರ್ಮ ದಾಟಿ, ನಾಲ್ಕು ಔಷಧಿಗಳನ್ನು ತೂಕದಲ್ಲಿ, ಹೊತ್ತಿಗೆ ಸರಿಯಾಗಿ ರಕ್ತಕ್ಕೆ ಬಿಡುತ್ತವೆ. ವಾರಕ್ಕೊಮ್ಮೆ ಬಳೆಯೇ ರೋಗಿಯ ಯೋಗಕ್ಷೇಮ ಕೇಳಿ ಉತ್ತರವನ್ನು ಹುಬ್ಬಳ್ಳಿಯ ಕ್ಷಯಮುಕ್ತಿ ಮಂಡಳಿಗೆ ಕಳಿಸುತ್ತದೆ. ಹಸಿರು ದೀಪ ಇದ್ದರೆ ಎಲ್ಲ ಕ್ಷೇಮ. ಕೆಂಪಾದರೆ ಆಸ್ಪತ್ರೆಗೆ ಬಂದು ತೋರಿಸಿಕೊಳ್ಳಬೇಕು ಎಂದರ್ಥ.

ಬಳೆ ಕೆಲಸ ಮಾಡಿತು, ಅದನ್ನು ಅಲ್ಲಗಳೆಯಲಾಗದು. ನಾಲ್ಕು ವರ್ಷದಲ್ಲಿ ಊರೂರಿನ ಕ್ಷಯದ ವಾರ್ಡುಗಳು ಖಾಲಿಯಾದವು. ಮಂಡಳಿಯವರು ಹಿಗ್ಗಿ, ಇನ್ನು ಮನೆಮನೆಗೆ ಹೋಗಿ ರೋಗಿಯ ಮುಖ ನೋಡುವ ನರ್ಸುಗಳೇಕೆ ಎಂದು ಅವರನ್ನು ಬೇರೆ ಕೆಲಸಕ್ಕೆ ಹಾಕಿದರು. ಕೇಳುವುದಕ್ಕೆ ಬಳೆ ಇದೆಯಲ್ಲ!

ನಾಲ್ಕು ಔಷಧಿಗಳಲ್ಲಿ ಒಂದು ಎಥಾಂಬುಟಾಲ್. ಹಳೆಯದು, ನೂರು ವರ್ಷದ್ದು, ಲಕ್ಷಾಂತರ ಜೀವ ಉಳಿಸಿದ್ದು. ಕಣ್ಣು ಕಂಡದ್ದನ್ನು ಮೆದುಳಿಗೆ ಒಯ್ಯುವ ನರವೊಂದಿದೆ. ನೂಲಿನ ಲಡಿಯಂತೆ ಹತ್ತು ಲಕ್ಷ ಎಳೆಗಳ ಕಟ್ಟು. ಕೆಲವೇ ಕೆಲವರಲ್ಲಿ ಈ ಔಷಧಿ ಆ ಎಳೆಗಳನ್ನು ಬಾಡಿಸುತ್ತದೆ. ಎಷ್ಟೋ ಸಲ ಮೊದಲು ಅಳಿಯುವುದು ಕೆಂಪು ಹಸಿರುಗಳ ಭೇದ. ಆಗಲೂ ರೋಗಿ ದಾರಿ ನಡೆಯಬಲ್ಲ, ಬೋರ್ಡು ಓದಬಲ್ಲ. ಬಣ್ಣ ಮಾತ್ರ ಹಳೆಯ ಸೀರೆಯಂತೆ ಮಾಸುತ್ತದೆ. ಅದೇ ಹೊತ್ತಿಗೆ ಯಾರಾದರೂ ಕೇಳಿದರೆ, ಔಷಧಿ ಬದಲಿಸಿದರೆ, ಬಹಳ ಮಂದಿಯ ಕಣ್ಣು ಉಳಿಯುತ್ತದೆ. ಕೇಳದೆ ಬಿಟ್ಟರೆ ಉಳಿಯುತ್ತದೆಂದು ಹೇಳಲಾಗದು. ಇದು ಹೊಸ ಸಂಗತಿಯಲ್ಲ, ಗುಟ್ಟೂ ಅಲ್ಲ. ಆ ಔಷಧಿಯಷ್ಟೇ ಹಳೆಯ ತಿಳಿವಳಿಕೆ.

ಅನಸೂಯಾಗೂ ತಿಳಿದಿತ್ತು. ಅದಕ್ಕೆಂದೇ ಮೂರನೆಯ ಪ್ರಶ್ನೆ ಹಾಕಿದ್ದರು. ಮೊದಲು ಬರೆದದ್ದು 'ಕಣ್ಣು ಹೆಂಗದಾವು?' ಎಂದು. ಮಂಡಳಿಯ ಸಭೆಯಲ್ಲಿ ಯಾರೋ ಒಬ್ಬರು, ಇದು ಸರಕಾರಿ ಯೋಜನೆ, ಭಾಷೆ ಸ್ವಲ್ಪ ಶಿಷ್ಟವಾಗಿರಲಿ ಎಂದರು. ಅನಸೂಯಾ ತಾವೇ 'ಕಣ್ಣು' ಎಂಬ ಶಬ್ದವನ್ನು ಹೊಡೆದು ಹಾಕಿ 'ದೃಷ್ಟಿ' ಎಂದು ಬರೆದರು. ಮಗುವಾಗಿದ್ದಾಗ ಅವರ ಅಜ್ಜಿ ವಾರಕ್ಕೊಮ್ಮೆ ದೃಷ್ಟಿ ತೆಗೆಯುತ್ತಿದ್ದಳು. ಆ ಮಾತು ಆ ಗಳಿಗೆಯಲ್ಲಿ ಅವರ ನೆನಪಿಗೆ ಬರಲಿಲ್ಲ.

*

ಹುಲಿಗೆವ್ವನಿಗೆ ಕುಂಕುಮ ಮೊದಲು ಕೈಕೊಟ್ಟಿತು. ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಕನ್ನಡಿ ಮುಂದೆ ನಿಂತಾಗ ಹಣೆಯ ಮೇಲಿನದು ಮಣ್ಣಿನಂತೆ ಕಂಡಿತು. ಕುಂಕುಮ ಹಳೆಯದಾಯಿತೆಂದು ಚೆಲ್ಲಿ ಹೊಸದು ತಂದಳು. ಅದೂ ಮಣ್ಣು. ದೇವರ ಮುಂದೆ ಇಟ್ಟ ದಾಸವಾಳ ಮಣ್ಣು. ಕನ್ನಡಿ ಒರೆಸಿದಳು, ಮುಖ ತೊಳೆದಳು, ಕೊನೆಗೆ ತನ್ನ ಭಕ್ತಿಯಲ್ಲೇ ಏನೋ ಊನ ಬಂದಿದೆ ಎಂದುಕೊಂಡು ಹುಲಿಗಿಯ ತಾಯಿಗೆ ಹರಕೆ ಹೊತ್ತಳು.

ಅತ್ತೆ ಫಕೀರವ್ವನಿಗೆ ಎಪ್ಪತ್ತನಾಲ್ಕು. ಸೊಸೆ ಆರಿಸಿದ ಬೀಜದ ಬಗ್ಗೆ ಊರಲ್ಲಿ ದೂರು ಬಂದಾಗ ಅವಳು ಒಂದೇ ಮಾತು ಹೇಳಿದ್ದಳು. "ಇಂಥಾ ಕಣ್ಣಿನಾಕಿಗೆ ಯಾರದೋ ದೃಷ್ಟಿ ಬಿದ್ದೈತಿ. ನಿಮ್ಮ ಮಾವಗೂ ಹಿಂಗ ಆಗಿತ್ತು." ಅಮಾವಾಸ್ಯೆಯ ದಿನ ಅವಳೇ ಮೆಣಸಿನಕಾಯಿ ಆಯ್ದುಕೊಂಡು ಇಳಿಸಿದಳು. ಆದರೆ ಆ ಮೊರದ ಮೇಲೂ ಮೂರು ವಾರ ತಾಳಿಕೊಂಡು, ಕೊನೆಗೆ ಗುರಪ್ಪ ಅವಳ ಸೊಸೆಯನ್ನು ಬೀಜದ ರಾಶಿಯಿಂದ ಎಬ್ಬಿಸಿದ ದಿನ ಇನ್ನೊಮ್ಮೆ ಇಳಿಸಬೇಕೆಂದಳು.

"ಹೋಗು, ಒಳಗಿಂದ ಐದು ಕೆಂಪು ಮೆಣಸಿನಕಾಯಿ ತಗೊಂಬಾ. ಚಲೋವು ತಾ."

ಹುಲಿಗೆವ್ವ ತಂದಳು. ಫಕೀರವ್ವ ಅಂಗೈ ಬಿಡಿಸಿ ನೋಡಿ ಸಿಟ್ಟಿಗೆದ್ದಳು.

"ಏನವಾ ಇದು? ಚಾಷ್ಟಿ ಮಾಡ್ತೀ ಏನು? ಐದರಾಗ ಮೂರು ಅರೆಹಣ್ಣು! ದೇವರ ಕೆಲಸಕ್ಕ ಇಂಥಾವು ತರತಾರೇನು?"

"ಕೆಂಪನ್ನವ ತಂದೀನಲ್ಲ ಅತ್ತಿ."

ಮುದುಕಿ ಸೊಸೆಯ ಮುಖ ನೋಡಿದಳು. ಆಮೇಲೆ ಎದ್ದು, ಒಂದು ಹಸಿ ಮೆಣಸಿನಕಾಯಿ, ಒಂದು ಒಣ ಮೆಣಸಿನಕಾಯಿ ತಂದು ಬಾಗಿಲ ಬಿಸಿಲಲ್ಲಿ ಇಟ್ಟಳು. ಮುಟ್ಟಬೇಡ, ಎರಡರ ಬಣ್ಣ ನೋಡಿ ಹೇಳು ಎಂದಳು. ಹುಲಿಗೆವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಮುಟ್ಟಲು ಕೈ ಮುಂದೆ ಬಂತು. ಅತ್ತೆ ಆ ಕೈ ಹಿಡಿದುಕೊಂಡಳು.

"ಇದು ದೃಷ್ಟಿ ಅಲ್ಲಬೇ," ಎಂದಳು ಫಕೀರವ್ವ. ಧ್ವನಿ ಸಣ್ಣಗಾಗಿತ್ತು. "ನಿನ್ನ ಕಣ್ಣ ಹೋಗಾಕತ್ತಾವ. ನಡಿ ಹಾವೇರಿಗೆ."

ಲಕ್ಷ ಲೆಕ್ಕ ಮಾಡುವ ಯಂತ್ರಗಳು ಕಾಣದ್ದನ್ನು ಅಕ್ಷರ ಬಾರದ ಮುದುಕಿ ಎರಡು ಮೆಣಸಿನಕಾಯಿಯಲ್ಲಿ ಕಂಡಳು. ಹಾವೇರಿಯ ಕಣ್ಣಿನ ವೈದ್ಯ ಅದೇ ದಿನ ಬಳೆ ಬಿಚ್ಚಿಸಿ, ಆ ಒಂದು ಔಷಧಿ ತೆಗೆದು ಬೇರೆ ಕೊಟ್ಟ. ಕ್ಷಯ ಬಹುಪಾಲು ಹೋಗಿತ್ತು. ಕಣ್ಣು ಎಷ್ಟು ಮರಳುತ್ತದೆ ಎಂದು ಕೇಳಿದ್ದಕ್ಕೆ ಆತ ಪ್ರಾಮಾಣಿಕವಾಗಿ, "ತಡ ಆಗೇತಿ ತಾಯಿ. ದೇವರ ಕೈಯಾಗ ಐತಿ," ಎಂದ.

ದೇವರ ಕೈಗೆ ಬರುವ ಮೊದಲು ಆ ಕಣ್ಣು ಎಷ್ಟು ಮನುಷ್ಯರ ಕೈ ದಾಟಿ ಬಂದಿತ್ತು ಎಂದು ಯಾರೂ ಕೇಳಲಿಲ್ಲ.

*

ವೈದ್ಯ ಬರೆದ ಪತ್ರ ಹುಬ್ಬಳ್ಳಿಗೆ ಹೋಯಿತು. ಹತ್ತು ದಿನಕ್ಕೆ ಮಂಡಳಿಯ ನಿರ್ದೇಶಕ ಸುಧನ್ವ ಶೆಟ್ಟರ ಅವರು ಒಂದು ಪುಟದ ವರದಿಯನ್ನು ಅನಸೂಯಾ ಮುಂದೆ ಇಟ್ಟರು. ಅದರ ಕೊನೆಯ ಸಾಲು: ರೋಗಿಯ ನಿರ್ಲಕ್ಷ್ಯ.

"ಸಹಿ ಮಾಡ್ರಿ ಮೇಡಂ. ನಾಲ್ಕನೇ ತಿಂಗಳು ಮುಗಿದ ಕೂಡ್ಲೇ ಕಣ್ಣಿನ ತಪಾಸಣೆಗೆ ಬರ್ರಿ ಅಂತ ದೀಪ ಕೆಂಪಾಗೇದ. ಇಪ್ಪತ್ತಾರು ದಿನ ಕೆಂಪ ಇತ್ತು. ಈಕಿ ಬಂದಿಲ್ಲ. ಮೇಲಾಗಿ ಕೇಳಿದಾಗೊಮ್ಮೆ 'ಸಮಸ್ಯೆ ನಿವಾರಣೆ' ಅಂತ ಈಕಿನೇ ಹೇಳ್ಯಾಳ. ಇನ್ನ ನಾವೇನು ಮಾಡೂಣು?"

"ಸಹಿ ಮಾಡೋಕಿಂತ ಮೊದಲು ಆಕಿನ್ನ ನೋಡಿ ಬರ್ತೀನಿ."

"ನಲವತ್ತು ಸಾವಿರ ಮಂದಿ ಅದಾರ. ಒಬ್ಬೊಬ್ಬರನ್ನ ನೋಡ್ಕೋತ ಹೋಗ್ತೀರೇನು?"

"ಒಬ್ಬಾಕಿನ್ನ ನೋಡಿ ಬರ್ತೀನಿ," ಎಂದರು ಅನಸೂಯಾ.

ಬ್ಯಾಡಗಿಯ ಆ ಮನೆಯ ಹೊಸ್ತಿಲಲ್ಲಿ ನಿಂತು ಅವರು, "ನಮಸ್ಕಾರ. ಹುಲಿಗೆವ್ವ ಅವರ ಮನೆ ಇದೇ ಏನ್ರಿ?" ಎಂದರು.

ಒಳಗೆ ಕುಳಿತಿದ್ದ ಹುಲಿಗೆವ್ವ ತಟ್ಟನೆ ತಲೆ ಎತ್ತಿದಳು. ಅವಳ ಬಲಗೈ ತಾನಾಗಿ ಎಡ ಮಣಿಕಟ್ಟಿಗೆ ಹೋಯಿತು. ಅಲ್ಲಿ ಬರಿಯ ಚರ್ಮ.

"ಅತ್ತಿ! ಬಳಿ ಬಂತು!"

ಬಳೆಗೆ ಕೂಡಿಸಿದ್ದು ಅನಸೂಯಾ ಅವರದೇ ಧ್ವನಿ. ನಮ್ಮ ಕಡೆಯ ಹೆಣ್ಣುಮಗಳ ಧ್ವನಿ ಇದ್ದರೆ ಮಂದಿ ನಂಬುತ್ತಾರೆ ಎಂದು ಅವರೇ ಒಂದು ವಾರ ಕುಳಿತು ಓದಿಕೊಟ್ಟಿದ್ದರು. ಸುಮಾರು ಐದು ತಿಂಗಳು ತನ್ನ ಕೈಮೇಲೆ ಕುಳಿತು ಮಾತನಾಡಿದವಳು ಇಂದು ಬಾಗಿಲಲ್ಲಿ ಕಾಲಿನ ಮೇಲೆ ನಿಂತಿದ್ದಳು.

ಫಕೀರವ್ವ ಬಾಗಿಲಿಗೆ ಬಂದಳು. ಒಳಗೆ ಬಾ ಎನ್ನಲಿಲ್ಲ.

"ಬಳಿಯೊಳಗ ಕುಂತಾಕಿ ನೀನ ಏನವಾ?"

"ನಾನ ರೀ ಅಮ್ಮಾ."

"ಸಣ್ಣ ಜಾಗಾದಾಗ ಕುಂತು ಕುಂತು ಕಿವಿ ಮುಚ್ಚಿದ್ದುವೇನು? ನನ್ನ ಸೊಸಿ ವಾರಾ ವಾರಾ ಹೇಳತಿದ್ದಳಲ್ಲ ನಿನಗ."

"ಏನು ಹೇಳಿದ್ರು? ಸಮಸ್ಯೆ ಹೋಗೇತಿ ಅಂತ ಹೇಳ್ಯಾರಂತ ನನಗ ಬರದು ಬಂದೈತಿ."

"ನಾ ಎಲ್ಲಿ ಹಂಗಂದೆ?" ಹುಲಿಗೆವ್ವ ಗೋಡೆ ಹಿಡಿದು ಎದ್ದಳು. "ದೃಷ್ಟಿ ಆಗೇತೇನು ಅಂತ ನೀವ ಕೇಳಿದ್ರಿ. ಅತ್ತಿ ತಗದಾಳ ಅಂದೆ. ಕುಂಕುಮ ಮಣ್ಣಾಗೇತಿ ಅಂತ ಹೇಳಿದೆ. ಧನ್ಯವಾದ ಅಂದ್ರಿ. ಕಾಯಿ ಗುರತ ಸಿಗವಲ್ದು ಅಂತ ಹೇಳಿದೆ. ಅದಕ್ಕೂ ಧನ್ಯವಾದ ಅಂದ್ರಿ."

ಅನಸೂಯಾ ಹೊಸ್ತಿಲ ಮೇಲೇ ಕುಳಿತುಬಿಟ್ಟರು. ಹನ್ನೊಂದು ವರ್ಷದ ದುಡಿಮೆ ಒಂದು ಶಬ್ದದ ಮೇಲೆ ನಿಂತು ಮುರಿದದ್ದು ಅವರಿಗೆ ಈಗ ಕಂಡಿತು. ಅಜ್ಜಿ ಇಳಿಸಿದ ಉಪ್ಪು ಒಲೆಯಲ್ಲಿ ಚಟಪಟ ಸಿಡಿದ ಸದ್ದು ಕಿವಿಗೆ ಬಂತು. ಆದರೂ ಮನಸ್ಸು ಇನ್ನೊಂದು ಆಸರೆ ಹುಡುಕಿತು. ತಪ್ಪು ಮಾಡಿದ ಮನಸ್ಸಿನ ಗುಣವೇ ಅದು.

"ದೀಪ? ಬಳಿ ದೀಪ ಕೆಂಪಾದಾಗ ಯಾಕ ಆಸ್ಪತ್ರೆಗೆ ಬರಲಿಲ್ಲವಾ?"

"ಯಾವ ಕೆಂಪು?" ಎಂದಳು ಹುಲಿಗೆವ್ವ.

ಅಣಕವಲ್ಲ ಅದು. ನಿಜವಾಗಿಯೂ ಕೇಳಿದಳು. ತನ್ನಿಂದ ಹೋಗಿಬಿಟ್ಟ ಒಂದು ಬಣ್ಣದ ಬಗ್ಗೆ ಕೇಳುವ ಹಾಗೆ.

"ಕೆಂಪು ಕಾಣದಾಕಿ ಕೈಗೆ ಕೆಂಪು ದೀಪ ಕಟ್ಟೀಯಲ್ಲವಾ," ಎಂದಳು ಫಕೀರವ್ವ. "ಕಿವುಡನ ಮನಿ ಮುಂದ ಗಂಟಿ ಬಾರಿಸಿ, ಯಾಕ ಎದ್ದು ಬರಲಿಲ್ಲ ಅಂತ ಕೇಳ್ತೀರಿ. ಉಳಿದವ್ರು ಕಂಡಿದ್ರಂತ. ಬಳಿ ಹಣ್ಣಾತು ಅಂತ ನಕ್ಕಾರಂತ. ನಮ್ಮೂರಾಗ ಕೆಂಪು ಅಂದ್ರ ಚಲೋದು. ನಿಮ್ಮೂರಾಗ ಏನು?"

ಅನಸೂಯಾ ಅವರ ಊರಿನಲ್ಲೂ ಕೆಂಪು ಅಂದರೆ ಚಲೋದೇ.

*

ಹುಬ್ಬಳ್ಳಿಗೆ ಮರಳಿ ಅವರು ಹುಲಿಗೆವ್ವನ ಮೂಲ ಧ್ವನಿಮುದ್ರಿಕೆಗಳನ್ನು ತೆರೆಸಿದರು. ಬಳೆ ಏನನ್ನೂ ಅಳಿಸಿರಲಿಲ್ಲ. ಬಳೆ ತನಗೆ ತಿಳಿಯದ ಮಾತುಗಳನ್ನು 'ಸಂಬಂಧವಿಲ್ಲದ ಮಾತು' ಎಂಬ ಕಪಾಟಿಗೆ ಹಾಕಿತ್ತು. ಅಲ್ಲಿ ಹುಲಿಗೆವ್ವ ಇದ್ದಳು. "ದಾಸವಾಳಕ್ಕ ಏನಾಗೇತೋ ಏನೋ." "ಇವತ್ತ ನಾಕು ಮೊರ ತಪ್ಪು ಆರಿಸೀನಿ." "ಕೇಳಾಕತ್ತೀಯೇನವಾ?"

ಮರುಕ್ಷಣ ಅನಸೂಯಾ ನಲವತ್ತು ಸಾವಿರ ಮಂದಿಯ ಉತ್ತರಗಳಲ್ಲಿ 'ತೆಗೆದ' ಎಂಬ ಅರ್ಥದ ಮಾತನ್ನು ಹುಡುಕಲು ಹೇಳಿದರು. ಆರುನೂರಕ್ಕೂ ಹೆಚ್ಚು ಸಿಕ್ಕವು. ಅಜ್ಜಿ ತೆಗೆದಳು, ಸ್ವಾಮಿಗಳು ತೆಗೆದರು, ದರ್ಗಾದಾಗ ತೆಗೆಸಿದ್ವಿ, ಉಪ್ಪು ಇಳಿಸಿದ್ವಿ. ಎಲ್ಲವೂ 'ನಿವಾರಣೆಯಾಗಿದೆ'. ಅವರಲ್ಲಿ ಯಾರ ಕಣ್ಣು ನೆಟ್ಟಗಿವೆ, ಯಾರವು ಹೋಗುತ್ತಿವೆ ಎಂದು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ.

ಶೆಟ್ಟರ ಅವರು ಕೇಳಿ ಕೈ ಚೆಲ್ಲಿದರು. ಅವರು ಕ್ರೂರಿಯಲ್ಲ. ಕುರ್ಚಿಯ ಮೇಲೆ ಕುಳಿತವರು, ಅಷ್ಟೆ.

"ಮುಂದಿನ ತಿಂಗಳು ಸಮಿತಿ ಕೂಡಿಸೂಣು. ಪ್ರಶ್ನೆ ಬದಲಿ ಮಾಡೂಣು. ಈಗ ಗದ್ದಲ ಮಾಡಿದ್ರ ಹೆದರಿ ಎಲ್ಲಾರೂ ಬಳಿ ಬಿಚ್ಚಿ ಒಗೀತಾರ. ಕ್ಷಯ ಮತ್ತ ಬರ್ತದ. ಅದರ ಪಾಪ ಯಾರಿಗೆ?"

"ಮುಂದಿನ ತಿಂಗಳಿಗೆ ಕಣ್ಣಿನ ನರದಾಗ ಎಷ್ಟು ಎಳಿ ಸಾಯ್ತಾವ ಗೊತ್ತೇನ್ರಿ ನಿಮಗ?"

"ಒಂದು ಶಬ್ದದ ಸಲುವಾಗಿ ಇಡೀ ಯೋಜನಾ ಹಾಳ ಮಾಡ್ತೀರಾ?"

"ಶಬ್ದ ಅಲ್ರಿ ಅದು!" ಅನಸೂಯಾ ಮೇಜಿನ ಮೇಲೆ ಕೈ ಕುಟ್ಟಿದರು. ಐವತ್ತಾರು ವರ್ಷದ ಬಾಳಿನಲ್ಲಿ ಅವರು ಹೀಗೆ ಕುಟ್ಟಿದ್ದು ಇದೇ ಮೊದಲು. "ಆಕಿ ಇಪ್ಪತ್ತೆಂಟು ವರ್ಷ ಒಂದು ಸೀಮಿ ಬೀಜ ಕಾಯ್ದಾಕಿ. ಆಕಿ ಬಾಯಿಬಿಟ್ಟು ಹೇಳ್ಯಾಳ. ನಾವು ಅದನ್ನ ಸಂಬಂಧವಿಲ್ಲದ ಮಾತು ಅಂತ ಕಪಾಟಿಗೆ ಹಾಕೀವಿ. ಈಗ ನಿರ್ಲಕ್ಷ್ಯ ಅಂತ ಬರೀತೀವಿ. ಯಾರ ನಿರ್ಲಕ್ಷ್ಯರಿ? ಯಾರದು?"

ವರದಿಯನ್ನು ಅವರು ಹರಿಯಲಿಲ್ಲ. ಕೊನೆಯ ಸಾಲಿನಲ್ಲಿ 'ರೋಗಿಯ' ಎಂಬುದನ್ನು ಹೊಡೆದು 'ನನ್ನ ಮತ್ತು ಮಂಡಳಿಯ' ಎಂದು ಬರೆದು ಸಹಿ ಹಾಕಿ ಮುಂದೆ ಸರಿಸಿದರು.

ಬಳೆಗಳಿಗೆ ಧ್ವನಿ ಕಳಿಸುವ ಕೀಲಿಕೈ ಇನ್ನೂ ಅವರ ಬಳಿಯೇ ಇತ್ತು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ನಲವತ್ತು ಸಾವಿರ ಕೈಗಳ ಮೇಲೆ ಅದೇ ಧ್ವನಿ, ಆದರೆ ಬೇರೆ ಮಾತು ಕೇಳಿಸಿತು. ಗ್ರಂಥದ ಕನ್ನಡವಲ್ಲ, ಕಬ್ಬೂರಿನದು.

"ನಾ ಬಳಿ ಅಲ್ರಿ, ಬಳಿ ಮಾಡಿದಾಕಿ. ಇಷ್ಟ ದಿನ ನಿಮಗ ತಪ್ಪ ಕೇಳೀನಿ. ಈಗ ಸರಿ ಕೇಳ್ತೀನಿ. ನಿಮ್ಮ ಕಣ್ಣ ಹೆಂಗದಾವ? ಅಡಗಿಮನ್ಯಾಗಿಂದ ಒಂದು ಹಸಿ ಮೆಣಸಿನಕಾಯಿ, ಒಂದು ಒಣಾ ಮೆಣಸಿನಕಾಯಿ ತರ್ರಿ. ಬೆಳಕಿನಾಗ ಕುಂದರ್ರಿ. ಒಂದು ಕಣ್ಣ ಮುಚ್ಚಿ ನೋಡ್ರಿ, ಆಮ್ಯಾಲ ಇನ್ನೊಂದು ಮುಚ್ಚಿ ನೋಡ್ರಿ. ಕೆಂಪು ಮೊದಲಿನ ಕೆಂಪ ಐತೇನು? ಮಾಸಿದಂಗ ಅನಿಸಿದ್ರ, ಮಂಜ ಕಂಡ್ರ, ಇವತ್ತ ಆಸ್ಪತ್ರೆಗೆ ಹೋಗ್ರಿ. ನಾಳೆ ಅಲ್ಲ, ಇವತ್ತ. ಬಳಿ ನೀವಾಗಿ ಬಿಚ್ಚಬ್ಯಾಡ್ರಿ. ಈ ಔಷಧ ನಿಮ್ಮ ಜೀವಾ ಉಳಸ್ತೈತಿ. ಡಾಕ್ಟರ್ ನೋಡಿ ಬದಲಿ ಕೊಡ್ತಾರ. ಬಳಿ ದೀಪ ಯಾವ ಬಣ್ಣ ಅಂತ ಮಗ್ಗಲದವ್ರನ್ನ ಕೇಳ್ರಿ. ಕೆಂಪಿದ್ರ, ಅದು ಹಣ್ಣಾಗಿದ್ದಲ್ಲ. ಹೋಗ್ರಿ."

ಆ ದಿನ ಊರೂರಿನ ಅಡಿಗೆಮನೆಗಳಲ್ಲಿ ಜನ ಮೆಣಸಿನಕಾಯಿ ಹಿಡಿದು ಬಾಗಿಲಿಗೆ ಬಂದು ಕುಳಿತರು. ಹೆದರಿ ಬಳೆ ಬಿಚ್ಚಿದವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೇಳಿದರೆ ಮನುಷ್ಯ ಹೇಳುತ್ತಾನೆ, ಹೇಳಿದರೆ ಕೇಳುತ್ತಾನೆ. ಶೆಟ್ಟರ ಅವರು ಅದೊಂದನ್ನು ನಂಬಿರಲಿಲ್ಲ. ಸಂಜೆಯೊಳಗೆ ಮುನ್ನೂರಕ್ಕೂ ಮೇಲೆ ಮಂದಿ ಕಣ್ಣಿನ ವೈದ್ಯರ ಮುಂದೆ ಸಾಲು ನಿಂತರು. ಅವರಲ್ಲಿ ಬಹಳ ಜನರ ಕಣ್ಣು ಸಕಾಲಕ್ಕೆ ಉಳಿಯಿತು. ಸಂಜೆಯೊಳಗೆ ಅನಸೂಯಾ ಅವರ ಕೆಲಸವೂ ಹೋಯಿತು.

*

ಮುಂದಿನ ವರ್ಷ ಕಾಯಿ ಬರುವ ಹೊತ್ತಿಗೆ ಅನಸೂಯಾ ಮತ್ತೆ ಬ್ಯಾಡಗಿಗೆ ಬಂದರು. ಹುಲಿಗೆವ್ವ ಬಾಗಿಲ ಬಿಸಿಲಲ್ಲಿ ಕುಳಿತು ತೊಟ್ಟು ಮುರಿಯುತ್ತಿದ್ದಳು. ನೋಟದ ಅಂಚಿನಲ್ಲಿ ಕೆಂಪು ಒಂದಿಷ್ಟು ಮರಳಿತ್ತು. ನಡುವಿನಲ್ಲಿ, ಅವಳು ನೇರ ನೋಡುವ ಕಡೆ, ಮಣ್ಣೇ ಉಳಿದಿತ್ತು. ಗುರಪ್ಪನ ಚಪ್ಪರದ ಬೀಜದ ರಾಶಿಗೆ ಈಗ ಮಾಬುಬಿ ಕುಳಿತುಕೊಳ್ಳುತ್ತಾಳೆ. ಹುಲಿಗೆವ್ವ ಪಕ್ಕದಲ್ಲಿ ಕುಳಿತು ಹದ ಹೇಳುತ್ತಾಳೆ, ಮಾಬುಬಿ ಬಣ್ಣ ಹೇಳುತ್ತಾಳೆ. ಇಬ್ಬರೂ ಸೇರಿ ಒಂದು ಕಣ್ಣು.

"ನನ್ನ ಕ್ಷಮಾ ಮಾಡವಾ," ಎಂದರು ಅನಸೂಯಾ.

ಹುಲಿಗೆವ್ವ ತಲೆ ಎತ್ತಲಿಲ್ಲ. ಒಂದು ತೊಟ್ಟು ಮುರಿದಳು, ಇನ್ನೊಂದು ಮುರಿದಳು.

"ಕ್ಷಮಾ ಕೇಳಾಕ ಛಂದ ಬರತೈತಿ ನಿಮಗ. ಕಣ್ಣ ಹೆಂಗದಾವ ಅಂತ ಕೇಳಾಕ ಬರಲಿಲ್ಲ."

ಫಕೀರವ್ವ ಒಳಗಿನಿಂದ ಒಂದು ಲೋಟ ಚಹಾ ತಂದು ಇಟ್ಟಳು. ಆಮೇಲೆ ದೇವರ ಜಗುಲಿಯ ಹಿಂದಿನಿಂದ ಒಂದು ಹಳೆಯ ರಟ್ಟಿನ ಡಬ್ಬಿ ತಂದು ಅನಸೂಯಾ ಕೈಗೆ ಕೊಟ್ಟಳು. ಅಲುಗಿಸಿದರೆ ಒಳಗೆ ಮೆಣಸಿನಕಾಯಿ ಬೀಜಗಳು ಸರಸರ ಎಂದವು.

"ಬೀ ಇಟ್ಟೀನಿ ಇದರಾಗ. ಇವಳ ಮಾವ ನುಂಗತಿದ್ದ ಗುಳಗಿ ಡಬ್ಬಿ. ಅವ್ರಿಗೂ ಕ್ಷಯ ಆಗಿತ್ತು. ಕೆಮ್ಮು ಹೋತು. ಆಮ್ಯಾಲ ಹಗಲಾಗೂ 'ಫಕೀರಿ, ದೀಪಾ ಯಾಕ ಸಣ್ಣ ಮಾಡೀಯವಾ' ಅಂತಿದ್ರು. ನಾವು ದೃಷ್ಟಿ ಅಂದ್ವಿ, ಇಳಿಸಿದ್ವಿ. ದವಾಖಾನಿ ಒಳಗ ವಯಸ್ಸು ಅಂದ್ರು. ಮೂವತ್ತೊಂಬತ್ತು ವಯಸ್ಸವಾ ಅವ್ರಿಗೆ. ಅದರಾಗ ಒಂದು ಚೀಟಿ ಐತಿ, ನಾವು ಯಾರೂ ಬಿಚ್ಚಿಲ್ಲ. ಏನೈತಿ ಓದು."

ಡಬ್ಬಿಯ ಮೇಲೆ ತಿಂಗಳು ಅಳಿಸಿತ್ತು, ಇಸವಿ ಉಳಿದಿತ್ತು. 2025. ಬೀಜದ ಅಡಿಯಲ್ಲಿ ಎಂಟು ಮಡಿಕೆಯ ತೆಳುವಾದ ಕಾಗದ. ಆ ಮಡಿಕೆಗಳನ್ನು ಕಾರ್ಖಾನೆಯ ಯಂತ್ರ ಹಾಕಿತ್ತು. ಅಲ್ಲಿಂದೀಚೆಗೆ ಯಾವ ಮನುಷ್ಯನ ಬೆರಳೂ ಅವನ್ನು ಬಿಡಿಸಿರಲಿಲ್ಲ. ಅನಸೂಯಾ ಬಿಡಿಸಿದರು. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಕನ್ನಡಕ ಹಾಕಿ, ಬಿಸಿಲಿಗೆ ಹಿಡಿದು, ಹುಡುಕಿ ಹುಡುಕಿ, ಮೂರನೆಯ ಅಂಕಣದ ಕೆಳಗೆ ಆ ಸಾಲು ಸಿಕ್ಕಿತು. ಅವರು ಅದನ್ನು ಕನ್ನಡದಲ್ಲಿ, ದೃಷ್ಟಿ ಎನ್ನದೆ, ಗಟ್ಟಿಯಾಗಿ ಓದಿ ಹೇಳಿದರು. ಕಣ್ಣು ಮಂಜಾದರೆ, ಕೆಂಪು ಹಸಿರು ಗುರುತು ಸಿಗದಿದ್ದರೆ, ಕೂಡಲೇ ವೈದ್ಯರಿಗೆ ತಿಳಿಸಬೇಕು.

ಹುಲಿಗೆವ್ವನ ಕೈ ನಿಂತಿತು. ಫಕೀರವ್ವ ಕಾಗದದ ಹತ್ತಿರ ಮುಖ ತಂದು, ತನಗೆ ಓದಲು ಬಾರದ ಆ ಸಾಲನ್ನು ಬಹಳ ಹೊತ್ತು ನೋಡಿದಳು.

"ಆವಾಗ್ಲೂ ಇದು ಬರದಿತ್ತೇನು?"

"ಬರದಿತ್ತು ಅಮ್ಮಾ."

"ಯಾರಿಗಂತ ಬರದಿದ್ರು?"